ರೊಟ್ಟಿ ಅಂಗಡಿಗೆ ಫೋನ್ ಗಲ್ಲಾ ಬಂದದ್ದು

ಅಂಗಡಿ ಇಟ್ಟುಕೊಂಡು ಕೂತವರ ಮುಂದೆ ದಿನಾ ಒಂದು ನಾಟಕ ನಡೆಯುತ್ತದೆ, ಟಿಕೆಟ್ ಒಂದಿಲ್ಲ ಅಷ್ಟೇ. ಮಿಷಿಗನ್ನಿನ ಲಿವೋನಿಯಾದಲ್ಲಿ ರೊಟ್ಟಿ, ಚಟ್ನಿಪುಡಿ, ಹೋಳಿಗೆ ಮಾರಿಕೊಂಡು ಇಷ್ಟು ವರ್ಷ ಕಳೆದೆ, ನಗದೇ ಬಾಗಿಲು ಹಾಕಿದ ವಾರ ನನಗೆ ನೆನಪಿಲ್ಲ. ಅದರಲ್ಲೂ ಅಂಗಡಿಗೆ ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವ ವ್ಯವಸ್ಥೆ ಬಂದಿತಲ್ಲ, ಆ ವರ್ಷವನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಪಕ್ಕದ ಕೋಣೆಯಿಂದ ನಮ್ಮ ಮನೆಯವರು "ಏನಾಯ್ತೇ?" ಅನ್ನುತ್ತಾರೆ. ಆದದ್ದೆಲ್ಲ ಅವರಿಂದಲೇ ಎಂದು ಹೇಗೆ ಹೇಳಲಿ?

ಬಿಸ್ಕತ್ ಡಬ್ಬಿಯ ಕಾಲ

ನಾನು ಹುಬ್ಬಳ್ಳಿಯವಳು, ಅವರು ಮೈಸೂರಿನವರು. ವಾರೆನ್‌ನಲ್ಲಿ ದೊಡ್ಡ ಕಾರ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ರಿಟೈರ್ ಆಗಿ ಮನೆಯಲ್ಲಿ ಕೂತ ಮೊದಲ ವಾರವೇ ನಾನು ಡಿಶ್‌ವಾಶರ್‌ನಲ್ಲಿ ತಟ್ಟೆ ಜೋಡಿಸುವುದು ತಪ್ಪು ಎಂದು ಕಂಡುಹಿಡಿದರು. ಎರಡನೇ ವಾರ ಒಗ್ಗರಣೆ ತಪ್ಪು. ಮೂರನೇ ವಾರ ನಾನು ಹೊರಗೆ ಹೋಗಿ ಪುಟ್ಟದೊಂದು ಅಂಗಡಿ ಬಾಡಿಗೆಗೆ ಹಿಡಿದೆ. ಜನ ಇದನ್ನು ಉದ್ಯಮಶೀಲತೆ ಎನ್ನುತ್ತಾರೆ. ನಾನು ಓಡಿಹೋದದ್ದು. ಅವರು ಅಲ್ಲಿಗೂ ಬಂದರು, ಆ ಮಾತು ಬೇರೆ.

ಆಗ ನಮ್ಮ ಗಲ್ಲಾ ಎಂದರೆ ಒಂದು ದುಂಡನೆಯ ಬಿಸ್ಕತ್ ಡಬ್ಬಿ. ಖಾರದಪುಡಿ ಕೈಯಲ್ಲೇ ನೋಟು ತೆಗೆದುಕೊಳ್ಳುತ್ತಿದ್ದೆ, ಇಂಗಿನ ಕೈಯಲ್ಲೇ ಚಿಲ್ಲರೆ ಕೊಡುತ್ತಿದ್ದೆ. ಬ್ಯಾಂಕಿನ ಹುಡುಗಿ ನಮ್ಮ ನೋಟು ಎಣಿಸುವಾಗಲೆಲ್ಲ ಸೀನುತ್ತಿದ್ದಳು. ಕಡೆಕಡೆಗೆ ನಾವು ಸಾಲಿನಲ್ಲಿ ನಿಂತದ್ದು ಕಂಡರೆ ಮೊದಲೇ ಟಿಶ್ಯೂ ತೆಗೆದಿಟ್ಟುಕೊಳ್ಳುತ್ತಿದ್ದಳು, ಪಾಪ.

ಎಂಥ ಚೆಂದದ ಕಾಲ ಅದು! ಯಾರೂ ಅವಸರ ಮಾಡುತ್ತಿರಲಿಲ್ಲ. ರೊಟ್ಟಿ ತಗೊಂಡು, ದುಡ್ಡು ಕೊಟ್ಟು, ಚಿಲ್ಲರೆಗೆ ಕಾಯುತ್ತ ಮಗಳ ಮದುವೆ, ಮೊಣಕಾಲು ನೋವು, ಊರಿನ ಸುದ್ದಿ ಎಲ್ಲಾ ಆಡುತ್ತಿದ್ದರು. ಚಿಲ್ಲರೆ ಇಲ್ಲ ಎಂದರೆ ಇನ್ನೂ ಖುಷಿ, ಸ್ಟೂಲ್ ಎಳಕೊಂಡು ಕೂತೇ ಬಿಡುತ್ತಿದ್ದರು. ಈಗ ಟೆಕ್ಸಾಸು, ಫ್ಲೋರಿಡಾ ಅಂತ ಚದುರಿಹೋದ ಎಷ್ಟೋ ಮುಖಗಳು ನನಗೆ ಆ ಸ್ಟೂಲಿನ ಮೇಲೇ ನೆನಪಾಗುತ್ತವೆ.

ಆಮೇಲೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ದೊಡ್ಡವರಾದರು. ಬರುತ್ತಿದ್ದರು, ಹೋಳಿಗೆ ಪ್ಯಾಕೆಟ್ ಎತ್ತಿಕೊಂಡು ಫೋನು ಮುಂದೆ ಹಿಡಿಯುತ್ತಿದ್ದರು. "ಕ್ಯಾಶ್ ಅಷ್ಟೇ ಕಣಪ್ಪಾ" ಎಂದರೆ "ಓ, ಸಾರಿ ಆಂಟಿ" ಎಂದು ಪ್ಯಾಕೆಟ್ ಅಲ್ಲೇ ಇಟ್ಟು ಹೋಗುತ್ತಿದ್ದರು. ಆ ಪ್ಯಾಕೆಟ್ ಮತ್ತೆ ಜೋಡಿಸುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಡೌನರ್ಸ್ ಗ್ರೋವ್‌ನಲ್ಲಿರುವ ಮಗಳು ಐದು ಗಂಟೆ ಕಾರು ಓಡಿಸಿಕೊಂಡು ವೀಕೆಂಡಿಗೆ ಬಂದವಳು ಇದನ್ನು ಕಣ್ಣಾರೆ ನೋಡಿದಳು. "ಅಮ್ಮಾ, ನೋಬಡಿ ಕ್ಯಾರೀಸ್ ಕ್ಯಾಶ್" ಅಂದಳು. ನಮ್ಮವರಿಗೆ ಅಷ್ಟೇ ಸಾಕಾಯಿತು. "ಮುಚ್ಚಿಬಿಡೋಣ ಕಣೇ. ದೀಪಾವಳಿ ಆದ್ಮೇಲೆ ಹೇಗೂ ಲೀಸ್ ಮುಗಿಯತ್ತೆ. ಮಗಳ ಹತ್ರ ಹೋಗಿ ಆರಾಮಾಗಿರೋಣ" ಅಂದರು.

ನಾನು ಒಪ್ಪಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅಲ್ಲಿ ನಾನು ಒಂದು ಮನೆಗೆ ಅಜ್ಜಿ, ಇಲ್ಲಿ ಊರಿಗೆಲ್ಲ ಆಂಟಿ. ಕಡೆಗೆ ಮಗಳೇ ಪಂಚಾಯ್ತಿ ಮಾಡಿದಳು: ದೀಪಾವಳಿಯೊಳಗೆ ಒಂದು ಫೋನ್ ಪೇಮೆಂಟ್ ಸರ್ವಿಸ್ ಆರಿಸಬೇಕು, ಕೌಂಟರಿನಲ್ಲಿ ಅದನ್ನು ನಾನೇ ನಡೆಸಬೇಕು, ಹಬ್ಬಕ್ಕೆ ಗಿರಾಕಿಗಳು ಬಂದರೆ ಅಂಗಡಿ ಉಳಿಯುತ್ತದೆ, ಬರದಿದ್ದರೆ ಡೌನರ್ಸ್ ಗ್ರೋವ್.

"ಆಯ್ತು, ಸರ್ವಿಸ್ ಆರಿಸೋ ಕೆಲಸ ನನಗೆ ಬಿಡು" ಎಂದು ನಮ್ಮವರು ಮುಂದೆ ಬಂದರು. ಅಂಗಡಿ ಮುಚ್ಚಬೇಕು ಅನ್ನುವವರ ಕೈಗೇ ಅಂಗಡಿ ಉಳಿಸುವ ಕೆಲಸ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ಫ್ರೀಜರಿನ ಪನೀರು

ನಮ್ಮವರು ಟೆಸ್ಟ್ ಮಾಡದೆ ಹಲ್ಲುಜ್ಜುವ ಬ್ರಶ್ಶನ್ನೂ ಕೊಂಡವರಲ್ಲ. ಮೂರು ಕಂಪನಿಗಳಿಂದ ಕಾರ್ಡ್ ಓದುವ ಪುಟ್ಟ ಪುಟ್ಟ ಯಂತ್ರಗಳನ್ನು ತರಿಸಿದರು. ಕೌಂಟರಿನಲ್ಲಿ ಇದನ್ನಿಟ್ಟು ನನ್ನ ಫೋನಿಗೆ ಜೋಡಿಸಿದರೆ, ಗಿರಾಕಿ ತನ್ನ ಫೋನು ಇದಕ್ಕೆ ತೋರಿಸಿದರೆ ಸಾಕು, ದುಡ್ಡು ಬಂತು. ನನಗೆ ತಿಳಿದದ್ದು ಇಷ್ಟು. ಅವರಿಗೆ ತಿಳಿಯಬೇಕಾದದ್ದು ಬಹಳ ಇತ್ತು. ಒಂದನ್ನು ಮೆಟ್ಟಿಲ ಮೇಲಿಂದ ಬೀಳಿಸಿದರು. ಒಂದನ್ನು ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹಪ್ಪಳದ ಹಾಗೆ ಒಣಗಿಸಿದರು. ಇನ್ನೊಂದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ಶನಿವಾರ ಮನೆಗೆ ಊಟಕ್ಕೆ ಬರುವವರಿದ್ದರು. ಫ್ರೀಜರ್ ತೆಗೆದೆ. ತುರಿದ ತೆಂಗಿನಕಾಯಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆಳ್ಳಗೆ, ಚೌಕಾಕಾರವಾಗಿ, ಮೈತುಂಬ ಮಂಜು ಹಿಡಿದು ಒಂದು ತುಂಡು ಕೂತಿತ್ತು. ಪನೀರು ಸ್ವಲ್ಪವೇ ಉಳಿದಿದೆಯಲ್ಲ ಅಂದುಕೊಂಡು, ಬಟ್ಟಲಿಗೆ ಬಿಸಿನೀರು ಸುರಿದು ಅದನ್ನು ಅದರಲ್ಲಿ ಮುಳುಗಿಸಿ, ಈರುಳ್ಳಿ ಹೆಚ್ಚಲು ಕೂತೆ.

ಬಂದಿದ್ದ ಗೆಳತಿ ನೀರು ಕುಡಿಯಲು ಅಡುಗೆಮನೆಗೆ ಬಂದವಳು ಬಟ್ಟಲ ಮುಂದೆ ನಿಂತುಬಿಟ್ಟಳು. "ಅಕ್ಕಾರ, ನಿಮ್ಮ ಪನೀರಿನಾಗ ಹಸರ ಲೈಟ್ ಹತ್ತೇತಲ್ರಿ!"

ನೋಡಿದೆ. ನಿಜ. ಹಸಿರು ದೀಪ ಒಂದು ಸಲ ಮಿನುಗಿತು, ಎರಡು ಸಲ ಮಿನುಗಿತು, ಆಮೇಲೆ ಶಾಶ್ವತವಾಗಿ ಆರಿತು. ಅಷ್ಟರಲ್ಲಿ ನಮ್ಮವರು ಓಡಿ ಬಂದರು.

"ಇದ್ಯಾಕ್ರೀ ಫ್ರೀಜರಿನಾಗ ಇಟ್ಟಿದ್ರಿ?"

"ಕೋಲ್ಡ್ ಟೆಸ್ಟ್ ಕಣೇ. ಜನವರೀಲಿ ಹೊರಗೆ ಸ್ಟಾಲ್ ಹಾಕಿದ್ರೆ?"

"ಮಿಷಿಗನ್ನಿನಾಗ ಜನವರಿಯೊಳಗ ಹೊರಗ ಯಾರ್ರೀ ಸ್ಟಾಲ್ ಹಾಕ್ತಾರ?"

"ಹಾಕಿದ್ರೆ ಅಂತ."

ಬೈಗುಳ ಬರುತ್ತದೆಂದು ನಾನೂ ಸೊಂಟ ಕಟ್ಟಿ ನಿಂತಿದ್ದೆ. ಅವರು ಸೌಟಿನಿಂದ ಅದನ್ನು ಮೇಲೆತ್ತಿ, ನೀರು ಬಸಿದು, ಕನ್ನಡಕ ಸರಿಮಾಡಿಕೊಂಡು ಬಹಳ ಗಂಭೀರವಾಗಿ ಕೇಳಿದರು: "ನೀರು ಎಷ್ಟು ಫ್ಯಾರನ್‌ಹೀಟ್ ಇತ್ತು?"

ಟಣ್

ಉಳಿದವು ಎರಡು. ನಮ್ಮವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಇದು ಪ್ರತಿ ವ್ಯಾಪಾರಕ್ಕೆ ಇಷ್ಟು ಕತ್ತರಿಸುತ್ತೆ, ಅದು ಅಷ್ಟು. ಇದರಲ್ಲಿ ದುಡ್ಡು ನಾಳೆ ಬರುತ್ತೆ, ಅದರಲ್ಲಿ ನಾಡಿದ್ದು. ಬ್ಯಾಟರಿ ಹೀಗೆ, ಸಿಗ್ನಲ್ ಹಾಗೆ. ನನಗೆ ಆಕಳಿಕೆ ಬಂತು.

"ಅವೆಲ್ಲಾ ಇರ್ಲಿ. ದುಡ್ಡು ಬಂದಾಗ ಸಪ್ಪಳ ಆಗೋದು ಯಾವುದು?" ಎಂದೆ.

"ಸಪ್ಪಳಾನಾ?"

"ಹೂಂ. ಡಬ್ಬಿಯೊಳಗ ಚಿಲ್ಲರ ಬಿದ್ರ ಟಣ್ ಅಂತಿತ್ತು. ಅಂಗಡಿ ಅಂದ್ಮೇಲೆ ದುಡ್ಡು ಬಂದದ್ದು ಕಿವಿಗೆ ಕೇಳಬೇಕು."

ಎರಡನ್ನೂ ಹಚ್ಚಿ ತೋರಿಸಿದರು. ಒಂದು ಇಲಿ ಕೆಮ್ಮಿದ ಹಾಗೆ ಏನೋ ಅಂದಿತು. ಇನ್ನೊಂದು "ಟಣ್" ಎಂದಿತು, ಥೇಟ್ ನನ್ನ ಬಿಸ್ಕತ್ ಡಬ್ಬಿ. "ಇದೇ" ಎಂದೆ.

ಅವರಿಗೆ ಸಿಟ್ಟು ಬಂತು. "ಇಡೀ ಬೇಸಿಗೆ ಕೂತು ಟೆಸ್ಟ್ ಮಾಡಿದೀನಿ, ನೀನು ಸೌಂಡ್ ಕೇಳಿ ಆರಿಸ್ತೀಯಾ? ಸೌಂಡಿಗೂ ಕ್ವಾಲಿಟಿಗೂ ಏನೇ ಸಂಬಂಧ?"

ಈಗ ಇದನ್ನು ಹೇಳಲೇಬೇಕು. ನಮ್ಮವರು ವಾರೆನ್‌ನಲ್ಲಿ ತಮ್ಮ ಇಡೀ ಸರ್ವಿಸ್ ಮಾಡಿದ್ದು ಒಂದೇ ಕೆಲಸ: ಕಾರಿನ ಬಾಗಿಲು ಹಾಕಿದರೆ ಬರುವ ಸದ್ದು ಕೇಳಿದವರಿಗೆ ಹಿತವಾಗಿರುವಂತೆ ನೋಡಿಕೊಳ್ಳುವುದು. ಮದುವೆಯಾದ ಹೊಸತರಲ್ಲಿ ನನ್ನನ್ನು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ ತೆಗೆದು ಹಾಕಿ ತೆಗೆದು, "ಕೇಳು, ಈ 'ದಪ್' ನಂದು" ಎಂದು ತೋರಿಸಿದ್ದರು. ಎಷ್ಟು ಹೆಮ್ಮೆ ಇತ್ತು ಆ ಮುಖದಲ್ಲಿ! ನಾನೂ ದೊಡ್ಡ ಸಂಗೀತ ಕೇಳಿದವಳ ಹಾಗೆ ತಲೆದೂಗಿದ್ದೆ.

"ಸಪ್ಪಳಕ್ಕ ಏನೂ ಬೆಲೆ ಇಲ್ಲಂದ್ರ ನಿಮಗ ಇಷ್ಟು ವರ್ಷ ಪಗಾರ ಯಾಕ್ ಕೊಟ್ರ್ರೀ?" ಎಂದೆ.

ಟಣ್ ಎನ್ನುವುದೇ ಗೆದ್ದಿತು.

ಎರಡು ಕಣ್ಣಿನ ಬೋಣಿ

ಮೊದಲ ದಿನ. ಮೊದಲ ಗಿರಾಕಿ, ಹಿಂದೆ ಹೋಳಿಗೆ ಪ್ಯಾಕೆಟ್ ಇಟ್ಟು ಹೋಗಿದ್ದ ಒಬ್ಬ ತರುಣ. ಬಾಗಿಲಲ್ಲಿ ಅಂಟಿಸಿದ್ದ ಸ್ಟಿಕರ್ ನೋಡಿ ಒಳಗೆ ಬಂದಿದ್ದ. ಅವನು ಫೋನು ತೋರಿಸಿದ. ಟಣ್! ನನ್ನ ಫೋನಿನಲ್ಲಿ ಮೊತ್ತ ಮೂಡಿತು. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

ಬೋಣಿ ದುಡ್ಡನ್ನು ಕಣ್ಣಿಗೊತ್ತಿಕೊಳ್ಳದೆ ಗಲ್ಲಾಕ್ಕೆ ಹಾಕಿದ ಜನ್ಮವಲ್ಲ ನನ್ನದು. ನೋಟು ಇಲ್ಲದಿದ್ದರೇನು, ಫೋನು ಇದೆಯಲ್ಲ. ಭಕ್ತಿಯಿಂದ ಎತ್ತಿ ಬಲಗಣ್ಣಿಗೆ ಒಂದು ಸಲ, ಎಡಗಣ್ಣಿಗೆ ಒಂದು ಸಲ ಒತ್ತಿಕೊಂಡೆ.

ಹುಡುಗನ ಫೋನು ಗುಂಯ್ ಎಂದಿತು. ನೋಡಿಕೊಂಡು, "ಆಂಟಿ, ಯೂ ಗೇವ್ ಮೈ ಮನಿ ಬ್ಯಾಕ್" ಅಂದ.

ನಮ್ಮವರನ್ನು ಕರೆದೆ. ಅವರು ಪರೀಕ್ಷೆ ಮಾಡಿ ಹೇಳಿದರು: ಬಲಗಣ್ಣು ಒತ್ತಿದ್ದು 'ರಿಫಂಡ್' ಎಂಬ ಜಾಗವನ್ನು. "ಖಂಡಿತವಾಗಿಯೂ ವಾಪಸ್ ಕೊಡಬೇಕೇ?" ಎಂದು ಫೋನು ಕೇಳಿದೆ. "ಹೌದು" ಎಂದದ್ದು ಎಡಗಣ್ಣು.

ಪಾಪದ ಹುಡುಗ ಮತ್ತೆ ಕೊಟ್ಟ. ಟಣ್! ಬೋಣಿ ಮತ್ತೆ ಬೋಣಿಯೇ ತಾನೇ? ಕೈ ತಾನಾಗಿ ಮೇಲೆದ್ದಿತು. ಬಲಗಣ್ಣು, ಎಡಗಣ್ಣು. ಗುಂಯ್.

ಮತ್ತೊಂದು ಸಲ ಫೋನು ತೋರಿಸುವ ಮೊದಲು ಅವನು ಕೌಂಟರಿನ ಮೇಲೆ ಬಾಗಿ ನನ್ನ ಎರಡೂ ಕೈ ಹಿಡಿದುಕೊಂಡ. "ಆಂಟಿ, ಪ್ಲೀಸ್," ಅಂದ, "ನೋ ಕಣ್ಣು!"

ಶುಕ್ರವಾರದ ಲಕ್ಷ್ಮಿ

ಧಾರವಾಡ ಕಡೆಯ ವೈನಿ ಒಬ್ಬರು ನಮ್ಮ ಹಳೆಯ ಗಿರಾಕಿ. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವವರಲ್ಲ. ಡಬ್ಬಿಯ ಕಾಲದಲ್ಲಿ ಬೆಳಿಗ್ಗೆಯೇ ಬಂದು ದುಡ್ಡು ಕೊಟ್ಟು, ಸಂಜೆ ಬಂದು ರೊಟ್ಟಿ ಒಯ್ಯುತ್ತಿದ್ದರು. ಯಂತ್ರ ಬಂದ ಮೇಲೆ ಒಂದು ಶುಕ್ರವಾರ ಮರೆತು ಸಂಜೆಗೇ ಬಂದರು. ಯಂತ್ರದ ಮುಂದೆ ಫೋನು ಹಿಡಿದವರು ಗಪ್ಪನೆ ಹಿಂದಕ್ಕೆ ಎಳೆದುಕೊಂಡರು. "ಅಯ್ಯ, ದೀಪಾ ಹಚ್ಚಿ ಬಂದೀನ್ರಿ!"

ನಮ್ಮವರಿಗೆ ಇಂಥದ್ದೆಂದರೆ ಉತ್ಸಾಹ. "ಯೋಚನೆ ಮಾಡ್ಬೇಡಿ. ಈ ಕಂಪನಿ ಕಂಪ್ಯೂಟರ್ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಇನ್ನೂ ಸೂರ್ಯ ಮುಳುಗಿಲ್ಲ. ದುಡ್ಡು ಹೋಗೋದು ಹಗಲಲ್ಲೇ."

ವೈನಿ ಯೋಚಿಸಿದರು. ಒಪ್ಪಿಗೆಯಾದಂತೆ ಕಂಡಿತು. ಫೋನು ಇನ್ನೇನು ತಾಗಬೇಕು, ಮತ್ತೆ ಎಳೆದುಕೊಂಡರು.

"ನಿಮ್ಮ ಕಡೆ ಬರೋದು ಹಗಲಾತು. ಆದ್ರ ನನ್ನ ಬ್ಯಾಂಕ್ ನ್ಯೂಯಾರ್ಕಿನಾಗೈತ್ರಿ. ಲಕ್ಷ್ಮಿ ಮನಿ ಬಿಡೋದು ಅಲ್ಲಿಂದ. ಅಲ್ಲಿ ಕತ್ತಲಾಗಿ ಎಷ್ಟೊತ್ತಾತು!"

ನಮ್ಮವರು ಮೆಲ್ಲಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿದರು. ವೈನಿಗೆ ಸುಮ್ಮನೆ ರೊಟ್ಟಿ ಕಟ್ಟಿಕೊಟ್ಟೆ, ನಮ್ಮವರನ್ನು ಸೋಲಿಸಿದ ಖುಷಿಗೆ ಒಂದು ಹಿಡಿ ಶೇಂಗಾ ಚಟ್ನಿಪುಡಿ ಹೆಚ್ಚಿಗೆ ಹಾಕಿ.

ಡಾಕ್ಟರ್ ಸಾಹೇಬರು ಕಂಡುಹಿಡಿದ ರಿಯಾಯಿತಿ

ಕಲಬುರಗಿ ಕಡೆಯ ಡಾಕ್ಟರ್ ಸಾಹೇಬರು ಈಗ ಮಗನ ಜೊತೆ ಫ್ಲೋರಿಡಾದಲ್ಲಿದ್ದಾರೆ. ಆಗ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದರು. ರಿಟೈರ್ ಆದ ದೊಡ್ಡ ಸರ್ಜನ್, ದೇವರು ಕೊಟ್ಟದ್ದು ಬೇಕಾದಷ್ಟಿತ್ತು. ಆದರೂ ಚೌಕಾಶಿ ಮಾಡದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. "ತಂಗೀ, ಏನರೆ ಕಡಿಮಿ ಮಾಡ್ತಿ ಏನು?" ಅನ್ನುತ್ತಿದ್ದರು. "ಒಂದ್ ಪೈಸಾನೂ ಇಲ್ರಿ ಸಾಹೇಬ್ರ" ಅನ್ನುತ್ತಿದ್ದೆ. ಇಬ್ಬರಿಗೂ ಸಮಾಧಾನ.

ಫೋನ್ ಗಲ್ಲಾ ಬಂದ ಮೇಲಿನ ಒಂದು ಶನಿವಾರ ಅವರು ಅದನ್ನು ಕೇಳಲೇ ಇಲ್ಲ. ಗಿರಾಕಿಯ ಕಡೆಗೆ ತಿರುಗಿಸಿಟ್ಟ ಫೋನಿನ ಪರದೆಯನ್ನು ಕನ್ನಡಕ ಏರಿಸಿ ನೋಡಿದರು, ನನ್ನನ್ನು ನೋಡಿದರು, ಏನೋ ಒತ್ತಿದರು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋದರು. ಮೈಗೆ ಹುಷಾರಿಲ್ಲವೇನೋ ಅಂದುಕೊಂಡೆ.

ದೀಪಾವಳಿ ಹಿಂದಿನ ಶನಿವಾರ ಬಂತು. ಇವತ್ತು ಜನ ಬರದಿದ್ದರೆ ಮುಗಿಯಿತು. ಬಾಗಿಲು ತೆಗೆದರೆ ಆಗಲೇ ಸಾಲು! ಟ್ರಾಯ್‌ನಿಂದ, ಕ್ಯಾಂಟನ್‌ನಿಂದ, ನಾನು ಮುಖವೇ ನೋಡದ ಜನ. ಟಣ್, ಟಣ್, ಟಣ್. ಎಲ್ಲರೂ ಹೋಗುವಾಗ ನನ್ನನ್ನು ನೋಡಿ ಒಂಥರಾ ನಗುತ್ತಿದ್ದರು. "ದೊಡ್ಡ ಮನಸ್ಸು ಆಂಟಿ ನಿಮ್ದು." "ಈ ಕಾಲದಲ್ಲಿ ಯಾರು ಹೀಗೆ ಮಾಡ್ತಾರೆ?" ಹೋಳಿಗೆಗೆ ತುಪ್ಪ ಧಾರಾಳವಾಗಿ ಹಾಕಿದ್ದಕ್ಕೆ ಅಂದುಕೊಂಡು ನಾನೂ ಉಬ್ಬಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಖಾಲಿ.

ಬಾಗಿಲು ಹಾಕಿ ನಮ್ಮವರು ಲೆಕ್ಕ ನೋಡಲು ಕೂತರು. ಸ್ವಲ್ಪ ಹೊತ್ತಿಗೆ, "ಏನೇ ಇದು? ಎಲ್ಲರೂ ಟಿಪ್ಸ್ ಕೊಟ್ಟಿದಾರೆ. ಇಪ್ಪತ್ತು ಪರ್ಸೆಂಟು, ಇಪ್ಪತ್ತೈದು ಪರ್ಸೆಂಟು!" ಅಂದರು.

"ಟಿಪ್ಸಾ? ಚಟ್ನಿಪುಡಿಗೆ? ನಮ್ಮ ಜನಾನಾ?"

ಬೆಳಿಗ್ಗೆ ಬಂದಿದ್ದ ಬೆಂಗಳೂರಿನ ಒಬ್ಬರಿಗೆ ಫೋನ್ ಮಾಡಿದೆ. ಅವರು ಸಂಕೋಚದಿಂದ ಹೇಳಿದರು: "ಡಾಕ್ಟ್ರು ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರಲ್ಲಾ, ನಿಮ್ಮ ಅಂಗಡೀಲಿ ಎಷ್ಟು ಡಿಸ್ಕೌಂಟ್ ಬೇಕೋ ನಾವೇ ಒತ್ಕೋಬಹುದು ಅಂತ. ಎಲ್ರೂ ಇಪ್ಪತ್ತೈದು ಒತ್ತಿದ್ರು. ನಾನು ಪಾಪ ಅಂತ ಇಪ್ಪತ್ತೇ ಒತ್ತಿದೆ."

ಗಿರಾಕಿಗೆ ಪರ್ಸೆಂಟ್ ತೋರಿಸಿ ಬಕ್ಷೀಸು ಕೇಳುವ ಆ ಟಿಪ್ಸ್ ಪರದೆ ಯಾವಾಗ ತಾನಾಗಿ ಶುರುವಾಯಿತೋ ನಮಗೆ ಗೊತ್ತೇ ಇರಲಿಲ್ಲ. ನಗು ಬಂತು, ಹಿಂದೆಯೇ ಹೆದರಿಕೆ ಬಂತು. ಇಡೀ ಊರಿನ ಹತ್ತಿರ ಕಾಲು ಭಾಗ ಹೆಚ್ಚಿಗೆ ಕಿತ್ತುಕೊಂಡಿದ್ದೇನೆ! ಕಳ್ಳಿ ಅನ್ನುತ್ತಾರೆ, ಅಂಗಡಿ ಅಲ್ಲಿಗೆ ಸತ್ತಿತು. ಅದಕ್ಕಿಂತ ಹೆಚ್ಚಾಗಿ ಡಾಕ್ಟರ್ ಸಾಹೇಬರದೇ ಚಿಂತೆ. ಅಷ್ಟು ದೊಡ್ಡ ಮನುಷ್ಯ, ಪರದೆ ಓದಲು ಬರಲಿಲ್ಲ ಎಂದು ಊರೆಲ್ಲ ಆಡಿಕೊಂಡರೆ? ಅತ್ತುಬಿಟ್ಟೆ.

ದಯವಿಟ್ಟು ನಾಳೆ ಎಲ್ಲರೂ ಅಂಗಡಿಗೆ ಬನ್ನಿ ಎಂದು ಗ್ರೂಪಿನಲ್ಲಿ ಹಾಕಿದೆವು. ಬಂದರು. ಅಂಗಡಿ ತುಂಬಿ, ಬಾಗಿಲ ಹೊರಗೂ ನಿಂತರು. ಎಲ್ಲರಿಗಿಂತ ಮುಂದೆ ಡಾಕ್ಟರ್ ಸಾಹೇಬರು. "ಏನಾತು ತಂಗೀ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಮುಂದೆ ಬಂದು ನಿಂತರು. "ತಪ್ಪು ನಂದು. ಡಿಸ್ಕೌಂಟ್ ಒತ್ತಿದ್ರೆ ಬಿಲ್ ಕಡಿಮೆ ಆಗೋ ಬದಲು ಜಾಸ್ತಿ ಆಗೋ ಹಾಗೆ ಸೆಟ್ ಮಾಡಿಬಿಟ್ಟಿದ್ದೆ. ಡಾಕ್ಟ್ರು ಓದಿದ್ದು ಸರಿಯಾಗೇ ಇತ್ತು. ನಾನೇ ಟೆಸ್ಟ್ ಮಾಡ್ಲಿಲ್ಲ."

ಬ್ರಶ್ಶನ್ನೂ ಟೆಸ್ಟ್ ಮಾಡುವ ಮನುಷ್ಯ ಊರಿನ ಮುಂದೆ ನಿಂತು ಆ ಮಾತು ಹೇಳಿದರಲ್ಲ, ಇಷ್ಟು ವರ್ಷದ ಸಂಸಾರದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಡಾಕ್ಟರ್ ಸಾಹೇಬರು ಅವರ ಭುಜ ತಟ್ಟಿದರು. "ಇರ್ಲಿ ಬಿಡ್ರಿ ಇಂಜಿನಿಯರ್ರ, ವಯಸ್ಸಾತು."

"ಎಲ್ಲರೂ ನಿಮ್ಮ ನಿಮ್ಮ ದುಡ್ಡು ವಾಪಸ್ ತಗೊಳ್ಳಿ" ಎಂದು ನಮ್ಮವರು ಫೋನು ಕೈಗೆತ್ತಿಕೊಂಡರು. ಆಗ ಶುರುವಾಯಿತು ನೋಡಿ.

"ಹಬ್ಬದ ದಿನ ಬ್ಯಾಡ್ರಿ. ಮುಂದಿನ ಸಲಕ್ಕ ಹಿಡೀರಿ."

"ನಮ್ದು ಸಂಕ್ರಾಂತಿ ಎಳ್ಳುಬೆಲ್ಲಕ್ಕೆ ಹಿಡ್ಕೊಳ್ಳಿ ಆಂಟಿ."

"ನಮ್ಮದು ಯುಗಾದಿ ಹೋಳಿಗೆಗೆ."

"ನಮ್ಮದು ಮೊಮ್ಮಗನ ಹೆಸರಿಡೋ ದಿನಕ್ಕ ಹಿಡೀರಿ." ಮೊಮ್ಮಗ ಯಾವಾಗ ಹುಟ್ಟಿದ ಎಂದು ಕೇಳಿದೆ. "ಇನ್ನೂ ಇಲ್ರಿ, ಮಗಗ ಈಗ ಹೆಣ್ಣು ನೋಡಾಕತ್ತೀವಿ."

ನಮ್ಮವರು ರಿಫಂಡ್ ಒತ್ತಲು ಬೆರಳು ಎತ್ತಿದರೆ "ಒತ್ತಿದ್ರ ನೋಡ್ರಿ ಮತ್ತ!" ಎಂದು ನಾಲ್ಕು ಕಡೆಯಿಂದ ಗದರಿದರು. ಒಬ್ಬರೂ ಒಪ್ಪಲಿಲ್ಲ. ದುಡ್ಡು ನಮ್ಮ ಹತ್ತಿರವೇ ಉಳಿಯಿತು.

ಎರಡು ದಿನ ಬಿಟ್ಟು ಮಗಳ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿ ನಮ್ಮವರು ಮಾತಾಡಿದರು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

"ಸೋ ಅಪ್ಪಾ, ವೆನ್ ಆರ್ ಯೂ ಗೈಸ್ ಮೂವಿಂಗ್?"

"ಬರೋಕಾಗಲ್ಲ ಕಣಮ್ಮ. ಇಡೀ ಊರಿನ ದುಡ್ಡು ನಮ್ಮ ಹತ್ರ ಇದೆ."

"ವಾಟ್? ಜಸ್ಟ್ ಗಿವ್ ಇಟ್ ಬ್ಯಾಕ್!"

"ಅದೇ ಕಷ್ಟ. ಯಾರೂ ತಗೊಳ್ತಿಲ್ಲ," ಅಂದರು ನಮ್ಮವರು. "ಅದಕ್ಕೇ ಇನ್ನೂ ಐದು ವರ್ಷಕ್ಕೆ ಲೀಸ್ ಸೈನ್ ಮಾಡಿ ಬಂದೆ."